ಟೊಮೆಟೊ, ಆಲೂಗಡ್ಡೆ, ಹೊಗೆಸೊಪ್ಪು: ಒಂದೇ ಮನೆಯವರು

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಒಂದೇ ಸುದ್ದಿ. ಹೃದಯಾಘಾತ. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೋದರು ಎಂದು ರಾಜ್ಯದ ಎಲ್ಲಾ ಚಾನೆಲ್‌ಗಳಲ್ಲೂ ಹಾಸನದ ಹೆಸರೇ ಓಡುತ್ತಿತ್ತು. ಸತ್ತವರಲ್ಲಿ ಸಣ್ಣ ವಯಸ್ಸಿನವರೂ ಇದ್ದರು. ಎದೆಯಲ್ಲಿ ಸ್ವಲ್ಪ ಗ್ಯಾಸ್ ತುಂಬಿದರೂ ಜನ ಬಸ್ಸು ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಸಾಲು ನಿಲ್ಲುತ್ತಿದ್ದರು.

ಆ ಹೊತ್ತಿನಲ್ಲೇ ವಾಟ್ಸಾಪ್‌ನಲ್ಲಿ ಟೊಮೆಟೊ ಬಂತು. 'ದಿನಾ ಖಾಲಿ ಹೊಟ್ಟೆಗೆ ಎರಡು ಹಸಿ ಟೊಮೆಟೊ ತಿನ್ನಿ, ಹೃದಯಾಘಾತ ಹತ್ತಿರ ಸುಳಿಯಲ್ಲ, ಹತ್ತು ಜನಕ್ಕೆ ಕಳಿಸಿ' ಅನ್ನುವ ಸಂದೇಶ. ನಮಗೇ ಅದು ಏಳೆಂಟು ಗುಂಪುಗಳಿಂದ ಬಂತು. ಹಾಲಿನ ಡೇರಿ ಗುಂಪು, ಸ್ತ್ರೀಶಕ್ತಿ ಸಂಘದ ಗುಂಪು, ಕೊನೆಗೆ ಪತ್ರಕರ್ತರ ಗುಂಪಿನಲ್ಲೂ ಬಂತು. ಅದನ್ನು ನೋಡಿ ನಕ್ಕು ಸುಮ್ಮನಿರಬಹುದಿತ್ತು. ಆದರೆ ಹೊಳೆನರಸೀಪುರದ ಹಳ್ಳಿಮೈಸೂರು ಕಡೆ ನಮಗೆ ಪರಿಚಯದ ಹಿರಿಯರೊಬ್ಬರು ಬಿ.ಪಿ. ಮಾತ್ರೆ ಬಿಟ್ಟು ಟೊಮೆಟೊ ರಸ ಶುರು ಮಾಡಿದ್ದಾರೆ ಎಂದು ಅವರ ಸೊಸೆ ಫೋನ್ ಮಾಡಿದಾಗ ನಗು ನಿಂತಿತು. 'ನೀವು ಪೇಪರ್‌ನೋರು ಹೇಳಿದ್ರೆ ಕೇಳ್ತಾರೆ ಅಣ್ಣ, ಒಂದ್ ಮಾತು ಹೇಳಿ' ಎಂದರು. ನಾವು ಹೋಗಿ ಹೇಳಿದೆವು. ಆ ಹಿರಿಯರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: 'ಸರಿ ಕಣಪ್ಪ, ಟಮೋಟದಲ್ಲಿ ಏನಿದೆ, ಏನಿಲ್ಲ, ಅದನ್ನಾದ್ರೂ ಹೇಳು.'

ಅವತ್ತಿನಿಂದ ಓದಿ, ಕೇಳಿ, ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಏನಿದೆ ಅಂತ ನೋಡೋಣ. 100 ಗ್ರಾಂ ಹಣ್ಣು ಟೊಮೆಟೊ ತೂಗಿದರೆ ಅದರಲ್ಲಿ ಸುಮಾರು 94 ಗ್ರಾಂ ನೀರೇ. ಉಳಿದ ಐದಾರು ಗ್ರಾಂನಲ್ಲಿ ಒಂದಿಷ್ಟು ಸಕ್ಕರೆ, ನಾರು, ಹುಳಿ, ಪೊಟ್ಯಾಸಿಯಂ, ಸಿ ವಿಟಮಿನ್ನು, ಮತ್ತೆ ಬಣ್ಣ. ಕ್ಯಾಲೊರಿ 20ರ ಆಸುಪಾಸು, ಅಂದರೆ ಹೊಟ್ಟೆ ತುಂಬ ತಿಂದರೂ ಮೈ ಬರುವ ಪದಾರ್ಥವಲ್ಲ. ಸಿ ವಿಟಮಿನ್ ಇದೆ ನಿಜ, ಆದರೆ ಅದಕ್ಕಾಗಿಯೇ ತಿನ್ನುವುದಾದರೆ ನಿಮ್ಮ ಹಿತ್ತಲಿನ ಸೀಬೆಕಾಯಿ ಟೊಮೆಟೊವನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಬೆಟ್ಟದ ನೆಲ್ಲಿಕಾಯಿ ಅದಕ್ಕಿಂತಲೂ ಮುಂದೆ.

ಟೊಮೆಟೊದ ನಿಜವಾದ ವಿಶೇಷ ಇರುವುದು ಆ ಕೆಂಪಿನಲ್ಲಿ. ಆ ಬಣ್ಣಕ್ಕೆ ಲೈಕೊಪೀನ್ ಅಂತ ಹೆಸರು. ಕಲ್ಲಂಗಡಿಯ ಕೆಂಪೂ ಅದೇ. ಕ್ಯಾರೆಟ್ಟಿನ ಕಿತ್ತಳೆ ಬಣ್ಣ ಇದಕ್ಕೆ ದಾಯಾದಿ, ಆದರೆ ಕ್ಯಾರೆಟ್ಟಿನದು ಮೈಯೊಳಗೆ ಎ ವಿಟಮಿನ್ ಆಗುತ್ತದೆ, ಲೈಕೊಪೀನ್ ಆಗುವುದಿಲ್ಲ. ಇದು ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಸಿ ಹಣ್ಣಿನಲ್ಲಿ ಜೀವಕೋಶದ ಗೋಡೆಯೊಳಗೆ ಬಿಗಿಯಾಗಿ ಕೂತಿರುತ್ತದೆ. ಬೇಯಿಸಿ, ಮಸೆದು, ಒಂದು ಚಮಚ ಎಣ್ಣೆ ಹಾಕಿದರೆ ಮಾತ್ರ ಚೆನ್ನಾಗಿ ಮೈಗೆ ಹತ್ತುತ್ತದೆ.

ಅಂದರೆ ಏನಾಯಿತು? ವಾಟ್ಸಾಪ್‌ನವರು 'ಹಸಿಯಾಗಿ, ಖಾಲಿ ಹೊಟ್ಟೆಗೆ' ಎಂದದ್ದಕ್ಕಿಂತ, ಒಗ್ಗರಣೆ ಹಾಕಿ ನಮ್ಮಮ್ಮಂದಿರು ಮಾಡುವ ಟೊಮೆಟೊ ಗೊಜ್ಜೇ ಲೈಕೊಪೀನಿನ ಮಟ್ಟಿಗೆ ಮೇಲು. ಬೇಯಿಸಿದರೆ ಸಿ ವಿಟಮಿನ್ ಒಂದಷ್ಟು ಹೋಗುತ್ತದೆ, ಅದೂ ನಿಜ. ಅದಕ್ಕೇ ಒಂದು ದಿನ ಗೊಜ್ಜು, ಒಂದು ದಿನ ಈರುಳ್ಳಿ ಜೊತೆ ಹಸಿ ಕೋಸಂಬರಿ ಮಾಡಿಕೊಂಡರೆ ಎರಡೂ ಸಿಕ್ಕಂತಾಯಿತು.

ಈಗ ಹೃದಯದ ಮಾತು. ಟೊಮೆಟೊ ಹೆಚ್ಚು ತಿನ್ನುವವರಲ್ಲಿ ಹೃದಯದ ತೊಂದರೆ, ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್ ಸ್ವಲ್ಪ ಕಮ್ಮಿ ಕಾಣುತ್ತದೆ ಎನ್ನುವ ಅಧ್ಯಯನಗಳು ಇವೆ. ಆದರೆ ಟೊಮೆಟೊ ಹೆಚ್ಚು ತಿನ್ನುವವರು ತರಕಾರಿಯನ್ನೂ ಹೆಚ್ಚು ತಿನ್ನುತ್ತಾರೆ, ಬೀಡಿ ಕಮ್ಮಿ ಸೇದುತ್ತಾರೆ, ನಡೆಯುತ್ತಾರೆ. ಅದರಲ್ಲಿ ಟೊಮೆಟೊ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಕ್ಯಾನ್ಸರ್ ವಿಷಯದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2005ರಲ್ಲೇ ಎಲ್ಲವನ್ನೂ ತೂಗಿ ನೋಡಿ, ಸಾಕ್ಷ್ಯ ತೀರಾ ತೆಳುವಾಗಿದೆ ಎಂದಿತು. ರಕ್ತ ಹೆಪ್ಪುಗಟ್ಟುವ ವಿಷಯದಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಒಂದು ಟೊಮೆಟೊ ಸಾರಕ್ಕೆ ಒಪ್ಪಿಗೆ ಕೊಟ್ಟಿದೆ. ಪ್ರಾಯಶಃ ಈ ಸಂದೇಶ ಹುಟ್ಟಿದ್ದು ಅಲ್ಲಿಂದಲೇ ಇರಬೇಕು ಎಂದು ನಮ್ಮ ಊಹೆ. ಆದರೆ ಅದು ಕಾರ್ಖಾನೆಯಲ್ಲಿ ತಯಾರಿಸಿ, ಅಳತೆ ಮಾಡಿ ಕೊಡುವ ಸಾರ, ಅದೂ ಆರೋಗ್ಯವಂತರಲ್ಲಿ ರಕ್ತ ಸರಾಗ ಹರಿಯಲು ನೆರವಾಗುತ್ತದೆ ಎಂದಷ್ಟೇ. ಬಿ.ಪಿ. ಮಾತ್ರೆಗೆ ಬದಲು ಅಂತ ಯಾರೂ ಎಲ್ಲೂ ಹೇಳಿಲ್ಲ.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತಲ್ಲ, ಅದರ ವರದಿ ಜುಲೈನಲ್ಲಿ ಬಂತು. ಹಾಸನಕ್ಕೆ ಯಾವ ಹೊಸ ಮಾರಿಯೂ ಬಂದಿಲ್ಲ ಎಂಬುದು ಅದರ ಸಾರ. ಸತ್ತವರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಕುಡಿತ, ಧೂಮಪಾನ, ಹೀಗೆ ಹಳೆಯ ಕಾರಣಗಳೇ ಇದ್ದವು. ಧೂಮಪಾನ ಅನ್ನುವ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬರುತ್ತದೆ. ಎದೆ ಹಿಂಡಿದಂತಾಗಿ ಎಡಗೈಗೋ ದವಡೆಗೋ ನೋವು ಇಳಿದು ಬೆವರು ಕಿತ್ತರೆ ಟೊಮೆಟೊ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತೆಗೆದು, ಬೇಕಾದರೆ ರಕ್ತದ ಗಟ್ಟಿ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವ ವ್ಯವಸ್ಥೆ ಇದೆ.

ನಮ್ಮ ಭಾಗದವರಿಗೆ ಟೊಮೆಟೊದಿಂದ ಆಗುವ ದೊಡ್ಡ ಉಪಕಾರ ಬೇರೆಯೇ ಇದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ನಾವು ರಾಗಿ ಮುದ್ದೆ ತಿನ್ನುವವರು. ರಾಗಿಯಲ್ಲಿ, ಸೊಪ್ಪಿನಲ್ಲಿ, ಹುರುಳಿಕಾಳಿನಲ್ಲಿ ಕಬ್ಬಿಣದ ಅಂಶ ಇದೆ. ಆದರೆ ಅದೇ ಕಾಳುಕಡ್ಡಿಯಲ್ಲಿರುವ ಬೇರೆ ಪದಾರ್ಥಗಳು ಆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಬಿಡುವುದಿಲ್ಲ. ಹುಳಿ ಮತ್ತು ಸಿ ವಿಟಮಿನ್ ಜೊತೆಗಿದ್ದರೆ ಆ ಹಿಡಿತ ಸಡಿಲವಾಗುತ್ತದೆ. ಬಸ್ಸಾರಿಗೆ ಟೊಮೆಟೊ ಹಾಕುವುದು, ಮುದ್ದೆ ಪಕ್ಕ ಎರಡು ಹೋಳು ಹಸಿ ಟೊಮೆಟೊ ಇಡುವುದು, ಕೊನೆಗೆ ನಿಂಬೆಹಣ್ಣು ಹಿಂಡುವುದು ಬರೀ ನಾಲಿಗೆಗಲ್ಲ. ಬಸುರಿಯರಿಗೆ, ಬೆಳೆಯುವ ಹೆಣ್ಣುಮಕ್ಕಳಿಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕ. ಊಟ ಆದ ಕೂಡಲೇ ಟೀ ಕುಡಿದರೆ ಇಷ್ಟೂ ಕೆಲಸ ಕೆಡುತ್ತದೆ. ಒಂದು ಗಂಟೆ ತಡೆದು ಕುಡಿಯಿರಿ. ನಮ್ಮ ಮನೆಯಲ್ಲೇ ಈ ಮಾತನ್ನು ಒಪ್ಪಿಸಲು ಆಗಿಲ್ಲ, ಅದು ಬೇರೆ.

ಚನ್ನರಾಯಪಟ್ಟಣದ ಕಡೆ ನೆಂಟರ ಮನೆಗೆ ಹೋದರೆ ಇನ್ನೊಂದು ಮಾತು ಬರುತ್ತದೆ: 'ಟಮೋಟ ತಿಂದ್ರೆ ಕಿಡ್ನಿಯಲ್ಲಿ ಕಲ್ಲಾಗುತ್ತೆ, ಬೀಜ ಹೋಗಿ ಕೂತ್ಕೊಳ್ಳುತ್ತೆ.' ಬೀಜ ಹೋಗಿ ಕೂರುವುದಿಲ್ಲ. ಬಾಯಿಂದ ಹೋದ ಬೀಜ ಕರುಳಿನ ದಾರಿ ಹಿಡಿದು ಹೊರಗೆ ಹೋಗುತ್ತದೆ, ಮೂತ್ರಕೋಶದ ದಾರಿಯೇ ಬೇರೆ. ಕಲ್ಲು ಆಗುವುದು ಹೆಚ್ಚಾಗಿ ಆಕ್ಸಲೇಟ್ ಎಂಬ ಪದಾರ್ಥ ಸುಣ್ಣದ ಅಂಶದ ಜೊತೆ ಸೇರಿ. ಟೊಮೆಟೊದಲ್ಲಿ ಅದು ಬಹಳ ಕಮ್ಮಿ, ಪಾಲಕ್ ಸೊಪ್ಪಿನ ಹತ್ತಿರಕ್ಕೂ ಬರುವುದಿಲ್ಲ. ಬೇಸಿಗೆಯಲ್ಲಿ ತೆಂಗಿನ ತೋಟದಲ್ಲಿ ದಿನವಿಡೀ ಕೆಲಸ ಮಾಡಿ ನೀರು ಕುಡಿಯದೆ ಇರುವುದೇ ಅದಕ್ಕಿಂತ ದೊಡ್ಡ ಕಾರಣ. ಆದರೆ ಕಿಡ್ನಿ ಕೆಲಸವೇ ಕುಂದಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ವಿಷಯ ಬೇರೆ, ಅವರಿಗೆ ಪೊಟ್ಯಾಸಿಯಂ ಹೆಚ್ಚಾಗಬಾರದು. ಅವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಎದೆ ಉರಿ, ಹುಳಿತೇಗು ಇರುವವರಿಗೂ ರಾತ್ರಿ ಹೊತ್ತು ಟೊಮೆಟೊ ಸಾರು ಹಿಡಿಸದಿರಬಹುದು.

ಇನ್ನು ಮನೆತನದ ಮಾತಿಗೆ ಬರೋಣ. ನಮಗೆ ಓದುತ್ತಾ ಓದುತ್ತಾ ಹೆಚ್ಚು ರುಚಿಸಿದ್ದು ಇದೇ.

ಟೊಮೆಟೊ ಬದನೆ ಕುಟುಂಬದ ಗಿಡ. ಸಸ್ಯಶಾಸ್ತ್ರದವರು ಸೊಲನೇಸಿ ಅನ್ನುತ್ತಾರೆ. ಈ ಕುಟುಂಬ ನೋಡಲು ನೀವು ಎಲ್ಲಿಗೂ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಹಾಸನದಿಂದ ಅರಕಲಗೂಡಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸಾಕು. ಹಾಸನದ ಸುತ್ತ ಆಲೂಗಡ್ಡೆ. ಬೋರ್‌ವೆಲ್ ಇರುವ ಕಡೆ ಕೋಲು ನೆಟ್ಟು ದಾರ ಕಟ್ಟಿದ ಟೊಮೆಟೊ. ಮನೆ ಹಿತ್ತಲಲ್ಲಿ ಬದನೆ, ಮೆಣಸಿನಗಿಡ. ಅರಕಲಗೂಡು ದಾಟಿ ರಾಮನಾಥಪುರ, ಕೊಣನೂರಿನ ಕಡೆ ಹೋದರೆ ಹೊಗೆಸೊಪ್ಪು. ರಸ್ತೆ ಬದಿಯ ತಿಪ್ಪೆಯಲ್ಲಿ ಉಮ್ಮತ್ತಿ, ಬೇಲಿ ಸಂದಿಯಲ್ಲಿ ಗಣಿಕೆ ಸೊಪ್ಪು. ಇವೆಲ್ಲ ಅಣ್ಣತಮ್ಮಂದಿರು. ಔಷಧಿ ಅಂಗಡಿಯ ಅಶ್ವಗಂಧ, ಪೇಟೆ ಮನೆಗಳ ಮುಂದೆ ರಾತ್ರಿ ಘಮ್ಮೆನ್ನುವ ರಾತ್ರಿರಾಣಿ ಕೂಡ ಇದೇ ಮನೆಯವು. ಹೊಟ್ಟೆಗೆ ಅನ್ನವಾಗುವುದೂ ಇದೇ ಮನೆಯಲ್ಲಿ, ವಿಷವಾಗುವುದೂ ಇದೇ ಮನೆಯಲ್ಲಿ.

ಗುರುತು ಹಿಡಿಯಬೇಕಾದರೆ ಹೂ ನೋಡಿ. ಟೊಮೆಟೊ, ಬದನೆ, ಆಲೂಗಡ್ಡೆ ಮೂರರ ಹೂವನ್ನು ಅಂಗೈಲಿಟ್ಟರೆ ಬಣ್ಣ ಬೇರೆ, ಆಕಾರ ಒಂದೇ: ನಕ್ಷತ್ರದ ಹಾಗೆ ಹರಡಿದ ಐದು ಎಸಳು, ನಡುವೆ ಹಳದಿ ಕೇಸರಗಳು ಒತ್ತಾಗಿ ಸೇರಿ ಮಾಡಿದ ಸಣ್ಣ ಮೊನೆ. ಹೆಸರು ನೋಡಿ ಮಾತ್ರ ಮೋಸ ಹೋಗಬೇಡಿ. ಸೀಮೆಬದನೆಗೆ ಬದನೆ ಎಂಬ ಹೆಸರಿದ್ದರೂ ಅದು ಸೌತೆ, ಕುಂಬಳದ ಕುಲ. ಕಾಳುಮೆಣಸಿಗೂ ಮೆಣಸಿನಕಾಯಿಗೂ ಸಂಬಂಧ ಇಲ್ಲ. ಗೆಣಸು ಆಲೂಗಡ್ಡೆಯ ನೆಂಟನಲ್ಲ.

ನಮ್ಮ ಜಿಲ್ಲೆಯ ಗಿಡಗಳನ್ನು ಹೀಗೆ ಕುಟುಂಬವಾರು ಬರೆದಿಟ್ಟ ದೊಡ್ಡ ಪುಸ್ತಕವೇ ಇದೆ ಎಂಬುದು ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ, ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನ ಅವರು ಅಮೆರಿಕದ ಡ್ಯಾನ್ ನಿಕೋಲ್ಸನ್ ಜೊತೆ ಸೇರಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಮೇಲೆ ಇಂಗ್ಲಿಷಿನಲ್ಲಿ ಆ ಗ್ರಂಥ ತಂದರು. ಸಕಲೇಶಪುರದ ಘಟ್ಟದಿಂದ ಹಿಡಿದು ಬಯಲುಸೀಮೆಯವರೆಗೂ ಜಿಲ್ಲೆ ಹರಡಿದೆಯಲ್ಲ, ಒಂದೇ ಜಿಲ್ಲೆಯಲ್ಲಿ ಮಲೆನಾಡೂ ಬಯಲೂ ಸಿಗುತ್ತದೆ ಎಂದೇ ಹಾಸನ ಅಂಥವರಿಗೆ ಹೇಳಿ ಮಾಡಿಸಿದ ಜಾಗ. ದೇಶದ ಸಸ್ಯಶಾಸ್ತ್ರಜ್ಞರು ಇವತ್ತಿಗೂ ಅದನ್ನು ತೆರೆದು ನೋಡುತ್ತಾರೆ.

ಟೊಮೆಟೊ ನಮ್ಮೂರಿನದಲ್ಲ. ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು, ಸಾಕಿ ದೊಡ್ಡದು ಮಾಡಿದ್ದು ಮೆಕ್ಸಿಕೊದ ಜನ. ಅಲ್ಲಿನ ನಾವಾಟ್ಲ್ ಭಾಷೆಯ 'ಟೊಮಾಟ್ಲ್' ಎಂಬ ಮಾತೇ ಸವೆದು ಸವೆದು ನಮ್ಮ ಸಂತೆಯಲ್ಲಿ ಟಮೋಟ ಆಗಿದೆ. 16ನೇ ಶತಮಾನದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು. ಅಲ್ಲಿ ಬಹಳ ಕಾಲ ಅದನ್ನು ವಿಷ ಎಂದು ಹೆದರಿ ಅಂದಕ್ಕೆ ಬೆಳೆದವರೂ ಇದ್ದರು. ಅದರ ವೈಜ್ಞಾನಿಕ ಹೆಸರಿನ ಎರಡನೇ ಭಾಗ 'ಲೈಕೊಪರ್ಸಿಕಂ'ಗೆ ತೋಳದ ಹಣ್ಣು ಎನ್ನುವಂಥ ಅರ್ಥ. ಉಮ್ಮತ್ತಿಯ ಕುಲದ್ದು ಎಂದ ಮೇಲೆ ಹೆದರಿಕೆ ಸಹಜವೇ. ನಮ್ಮಲ್ಲೂ ಹೆದರಿಕೆ ಅಲ್ಲದಿದ್ದರೂ ದೂರ ಇಡುವುದು ಇತ್ತು. ಇವತ್ತಿಗೂ ಕೆಲವು ಮನೆಗಳಲ್ಲಿ ತಿಥಿಯ ಅಡುಗೆಗೆ ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಹಾಕುವುದಿಲ್ಲ. ಪಿತೃಗಳ ಕಾಲದಲ್ಲಿ ಇಲ್ಲದ್ದು ಪಿತೃಗಳಿಗೆ ಬೇಡ ಅನ್ನುವ ಲೆಕ್ಕ. ಶ್ರವಣಬೆಳಗೊಳದ ಕಡೆ ಕಟ್ಟುನಿಟ್ಟಿನ ಜೈನರು ನೆಲದೊಳಗಿನದು ಎಂದು ಆಲೂಗಡ್ಡೆ ಮುಟ್ಟುವುದಿಲ್ಲ, ಬೀಜ ಹೆಚ್ಚು ಎಂದು ಬದನೆಯನ್ನೂ ಬಿಡುವವರಿದ್ದಾರೆ. ಹುಣಸೆಹಣ್ಣಿನ ಹುಳಿಯಲ್ಲೇ ಸಾರು ಮಾಡುತ್ತಿದ್ದ ನಮ್ಮ ಅಜ್ಜಿಯರು ಟೊಮೆಟೊಗೆ ಒಗ್ಗಿಕೊಂಡದ್ದು ಬಹಳ ಹಿಂದಿನ ಮಾತಲ್ಲ.

ಆಲೂಗಡ್ಡೆಗೂ ಟೊಮೆಟೊಗೂ ಇರುವ ನೆಂಟಸ್ತನ ನಾವು ತಿಳಿದದ್ದಕ್ಕಿಂತ ಹತ್ತಿರದ್ದು. ನಮ್ಮ ಜಿಲ್ಲೆ ಹೃದಯಾಘಾತದ ಗಾಬರಿಯಲ್ಲಿದ್ದ ಅದೇ 2025ರ ಜುಲೈ ಕೊನೆಯಲ್ಲಿ, ಚೀನಾದ ವಿಜ್ಞಾನಿಗಳ ನೇತೃತ್ವದ ತಂಡವೊಂದು 'ಸೆಲ್' ಪತ್ರಿಕೆಯಲ್ಲಿ ಒಂದು ಸಂಗತಿ ಪ್ರಕಟಿಸಿತು. ಸುಮಾರು 90 ಲಕ್ಷ ವರ್ಷಗಳ ಹಿಂದೆ ಟೊಮೆಟೊದ ಪೂರ್ವಜ ಗಿಡ ಮತ್ತು ಗಡ್ಡೆ ಬಿಡದ ಇನ್ನೊಂದು ಕಾಡುಗಿಡ ತಾವಾಗಿ ಕೂಡಿ ಹುಟ್ಟಿದ ಮಿಶ್ರತಳಿಯೇ ಆಲೂಗಡ್ಡೆಯ ವಂಶದ ಮೂಲವಂತೆ. ಅಪ್ಪನಿಗೂ ಗಡ್ಡೆ ಇಲ್ಲ, ಅಮ್ಮನಿಗೂ ಗಡ್ಡೆ ಇಲ್ಲ. ಆದರೆ ಇಬ್ಬರಿಂದಲೂ ಒಂದೊಂದು ಜೀನ್ ಸೇರಿ ಮಗುವಿಗೆ ಗಡ್ಡೆ ಬಂತು. ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಮೇ ತಿಂಗಳಲ್ಲಿ ಜಲಂಧರ್ ಕಡೆಯಿಂದ ಬಂದ ಬಿತ್ತನೆ ಆಲೂಗಡ್ಡೆ ಮೂಟೆಗಳ ಮುಂದೆ ನಿಂತ ರೈತರೊಬ್ಬರಿಗೆ ಇದನ್ನು ಹೇಳಿದರೆ, ಅವರು ಮೂಟೆ ಕಡೆ ಒಮ್ಮೆ ನೋಡಿ, 'ಅದುಕ್ಕೇ ರೋಗನೂ ಒಂದೇ' ಎಂದರು. ಎಷ್ಟು ಸರಿಯಾಗಿ ಹೇಳಿದರು!

ಈ ಕುಟುಂಬದ ಮಾತು ಬರೀ ಪಾಠವಾಗಿ ಉಳಿಯದೆ ಜೇಬಿಗೆ ತಾಗುವುದು ಇಲ್ಲಿ. ಆಲೂಗಡ್ಡೆಗೆ ಬರುವ ಅಂಗಮಾರಿ ಟೊಮೆಟೊಗೂ ಬರುತ್ತದೆ, ಎರಡಕ್ಕೂ ರೋಗಾಣು ಒಂದೇ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಸುಮಾರು 10 ಲಕ್ಷ ಜನರ ಸಾವಿಗೆ ಕಾರಣವಾದದ್ದೂ ಅದೇ. ಜಿಟಿಜಿಟಿ ಮಳೆ, ಮೋಡ, ತಂಪು ನಾಲ್ಕು ದಿನ ಹಿಡಿದರೆ ಎಲೆ ಮೇಲೆ ನೀರಿನ ಕಲೆಯಂತೆ ಶುರುವಾಗಿ ವಾರದೊಳಗೆ ಹೊಲ ಕಪ್ಪಾಗುತ್ತದೆ. ಹಾಸನದ ಸುತ್ತ ಎಷ್ಟೋ ಮನೆಗಳು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋದದ್ದಕ್ಕೆ ಈ ಅಂಗಮಾರಿಯೇ ದೊಡ್ಡ ಕಾರಣ.

ದುದ್ದ ಹೋಬಳಿಯಲ್ಲಿ ನಾವು ಕಂಡ ಒಂದು ಹೊಲದ ಕತೆ ಕೇಳಿ. ಮುಂಗಾರಿನಲ್ಲಿ ಆಲೂಗಡ್ಡೆ ಹೋಯಿತು. ಸಾಲ ತೀರಬೇಕಲ್ಲ, ಅದೇ ಹೊಲಕ್ಕೆ ಕೂಡಲೇ ಟೊಮೆಟೊ ಪೈರು ಇಟ್ಟರು. ಗಿಡ ಮೊಣಕಾಲೆತ್ತರ ಬಂದು ಹೂ ಬಿಡುವ ಹೊತ್ತಿಗೆ ಹಸಿರಾಗಿದ್ದ ಗಿಡಗಳು ಒಂದೊಂದಾಗಿ ಬಿಸಿನೀರು ಹುಯ್ದಂತೆ ಸೊರಗತೊಡಗಿದವು. ನೀರು ಸಾಲದು ಎಂದು ಇನ್ನೂ ನೀರು ಬಿಟ್ಟರು. ರೋಗ ಸಾಲಿನುದ್ದಕ್ಕೂ ಹರಿಯಿತು. ಅಂಗಡಿಯವರು ಕೊಟ್ಟ ಮೂರು ಥರದ ಔಷಧಿ ಹೊಡೆದರು. ಯಾವುದೂ ಕೈ ಹಿಡಿಯಲಿಲ್ಲ, ಹಿಡಿಯುವಂಥದ್ದೂ ಅಲ್ಲ. ಅದು ದುಂಡಾಣುವಿನಿಂದ ಬರುವ ಸೊರಗು ರೋಗ. ಆ ದುಂಡಾಣುವಿನ ಹೆಸರಿನಲ್ಲೇ ಈ ಕುಟುಂಬದ ಹೆಸರಿದೆ: ರಾಲ್ಸ್ಟೋನಿಯ ಸೊಲನೇಸಿಯಾರಂ. ಮಣ್ಣಿನಲ್ಲೇ ಇದ್ದು ಬೇರಿನಿಂದ ಹತ್ತುತ್ತದೆ.

ಇದನ್ನು ಪತ್ತೆ ಮಾಡಲು ಲ್ಯಾಬ್ ಬೇಡ. ಸೊರಗಿದ ಗಿಡದ ಬುಡದ ಕಡೆಯಿಂದ ಒಂದು ಗೇಣು ಕಾಂಡ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನ ಎಳೆಯಂಥದ್ದು ನೀರಿಗೆ ಇಳಿದರೆ ಅದೇ ರೋಗ. ಎಳೆ ಬಂದರೆ ಔಷಧಿಗೆ ದುಡ್ಡು ಸುರಿಯಬೇಡಿ. ಗಿಡ ಬುಡಸಮೇತ ಕಿತ್ತು ಸುಡಿ, ಆ ಸಾಲಿನ ನೀರು ಬೇರೆ ಸಾಲಿಗೆ ಹೋಗದಂತೆ ಕಟ್ಟಿ. ಆ ಹೊಲಕ್ಕೆ ಎರಡು ಮೂರು ವರ್ಷ ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಯಾವುದೂ ಬೇಡ. ಬೆಳೆ ಬದಲಿಸಿದೆ ಎಂದು ಆಲೂಗಡ್ಡೆ ಆದ ಮೇಲೆ ಬದನೆ ಹಾಕಿದರೆ ಅದು ಬದಲಿಸಿದಂತೆ ಅಲ್ಲ, ಅಣ್ಣ ಎದ್ದ ಎಲೆಗೆ ತಮ್ಮನನ್ನು ಕೂರಿಸಿದಂತೆ. ಶುಂಠಿ ಈ ಕುಲದ್ದಲ್ಲ, ಆದರೂ ಈ ಜಾತಿಯ ದುಂಡಾಣು ಅದನ್ನೂ ಬಿಡುವುದಿಲ್ಲ. ಹಾಗಾಗಿ ಅದೂ ಬೇಡ. ರಾಗಿ, ಮುಸುಕಿನ ಜೋಳ ಹಾಕಿ.

ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ತಂದ 'ಅರ್ಕಾ ರಕ್ಷಕ್' ಎಂಬ ಹೈಬ್ರಿಡ್ ಈ ಸೊರಗು ರೋಗ, ಎಲೆ ಮುಟುರು ರೋಗ, ಮುಂಚೆ ಬರುವ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ತಡವಾಗಿ ಬರುವ ಅಂಗಮಾರಿ, ಅಂದರೆ ಮೇಲೆ ಹೇಳಿದ ಐರ್ಲೆಂಡಿನದು, ಈ ಮೂರರಲ್ಲಿ ಸೇರಿಲ್ಲ. ಕಾಯಿಕೊರಕಕ್ಕೆ ಅದೇ ಸಂಸ್ಥೆಯವರು ಹೇಳುವ ಉಪಾಯ ಚೆಂಡುಹೂವು: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. ಟೊಮೆಟೊ ಪೈರು 25 ದಿನದ್ದಾದರೆ ಚೆಂಡುಹೂವಿನ ಪೈರು 45 ದಿನದ್ದಿರಬೇಕು, ಆಗ ಎರಡೂ ಒಟ್ಟಿಗೆ ಹೂವಿಗೆ ಬಂದು ಹುಳದ ಚಿಟ್ಟೆ ಚೆಂಡುಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ. ದಸರಾ, ದೀಪಾವಳಿಗೆ ಹೂವಿನ ದುಡ್ಡೂ ಬಂತು. ನಮ್ಮವರು ಊಜಿ ಎಂದು ಕರೆಯುವ ಸಣ್ಣ ಹುಳ ಮಾತ್ರ ಬೇರೆ. ಅದು 2014ರಲ್ಲಿ ನಮ್ಮ ದೇಶದಲ್ಲಿ ಮೊದಲು ಕಂಡದ್ದು, ಅದರ ತವರೂ ದಕ್ಷಿಣ ಅಮೆರಿಕವೇ. ಗಿಡ ಮೊದಲು ಬಂತು, ಹುಳ ಕೆಲವು ನೂರು ವರ್ಷ ತಡವಾಗಿ ವಿಳಾಸ ಹುಡುಕಿಕೊಂಡು ಬಂತು.

ಬೀಡಿ ಸೇದುವವರು ಟೊಮೆಟೊ ಪೈರು ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆಯಬೇಕು ಎಂಬ ಮಾತು ಕೇಳಿ ನಮಗೂ ಆಶ್ಚರ್ಯವಾಗಿತ್ತು. ಹೊಗೆಸೊಪ್ಪಿನಲ್ಲಿ ಮೊಸಾಯಿಕ್ ಎಂಬ ನಂಜಾಣು ಇರುತ್ತದೆ. ಜಗತ್ತಿನಲ್ಲಿ ವೈರಸ್ ಎಂಬುದೊಂದಿದೆ ಎಂದು ಮನುಷ್ಯನಿಗೆ ಮೊದಲು ಗೊತ್ತಾದದ್ದೇ 1890ರ ದಶಕದಲ್ಲಿ ಇದರಿಂದ. ಒಣಗಿಸಿ, ಕತ್ತರಿಸಿ, ಬೀಡಿಯೊಳಗೆ ಸುತ್ತಿದರೂ ಅದು ಸಾಯದೆ ಉಳಿದಿರುತ್ತದೆ. ಕೈಯಿಂದ ಪೈರಿಗೆ, ಪೈರಿನಿಂದ ಪೈರಿಗೆ ದಾಟುತ್ತದೆ.

ಹಸಿರಾದ ಆಲೂಗಡ್ಡೆಯ ಮಾತೂ ಇಲ್ಲೇ ಹೇಳಿಬಿಡುತ್ತೇವೆ. ಬಿಸಿಲಿಗೆ ಬಿದ್ದು ಹಸಿರಾದ, ಮೊಳಕೆ ಬಂದ, ಕಹಿ ಹತ್ತುವ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಸೇರಿರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಮಂಡಿಯಲ್ಲಿ ಆರಿಸಿ ಬಿಟ್ಟದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಮಕ್ಕಳಿಗೆ ಹಾಕಬೇಡಿ. ಆಲೂಗಡ್ಡೆ ಗಿಡ ಒಮ್ಮೊಮ್ಮೆ ಗೋಲಿಯಂಥ ಹಸಿರು ಕಾಯಿ ಬಿಡುತ್ತದೆ. ನೋಡಲು ಥೇಟ್ ಟೊಮೆಟೊ ಹೀಚು, ತಿಂದರೆ ವಿಷ. ಟೊಮೆಟೊ ಕಾಯಿಯಲ್ಲೂ ಟೊಮ್ಯಾಟಿನ್ ಎಂಬುದಿದೆ, ಆದರೆ ಅದು ಅಷ್ಟು ಕಟುವಲ್ಲ. ಯಾವಾಗಲೋ ಒಮ್ಮೆ ಮಾಡುವ ಕಾಯಿ ಟೊಮೆಟೊ ಚಟ್ನಿಗೆ ಹೆದರಬೇಕಾಗಿಲ್ಲ.

ಬೆಲೆಯ ಕತೆ ನಿಮಗೆ ಹೊಸದಾಗಿ ಹೇಳಬೇಕೇ? 2023ರ ಜುಲೈನಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದಾಗ ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕು ಗೋಣಿ ಸೋಮನಹಳ್ಳಿಯಲ್ಲಿ ರಾತ್ರೋರಾತ್ರಿ ಹೊಲದಿಂದ ಟೊಮೆಟೊ ಕದ್ದುಕೊಂಡು ಹೋದರು. ಸುಮಾರು ಎರಡೂವರೆ ಲಕ್ಷ ರೂಪಾಯಿಯ ಮಾಲು ಎಂದು ಹಳೇಬೀಡು ಪೊಲೀಸರಿಗೆ ದೂರು ಹೋಯಿತು. ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲೂ ಅದು ಸುದ್ದಿ. ಬೀನ್ಸ್ ಬೆಳೆದು ಕೈ ಸುಟ್ಟುಕೊಂಡ ಮೇಲೆ ಸಾಲ ಮಾಡಿ ಟೊಮೆಟೊ ಇಟ್ಟ ಮನೆ ಅದು. ಎರಡು ತಿಂಗಳು ಕಳೆಯುವುದರೊಳಗೆ ಬೆಲೆ ಪಾತಾಳಕ್ಕೆ ಬಿತ್ತು, ಕದಿಯುವುದಿರಲಿ, ಕೊಯ್ಯುವ ಕೂಲಿಯೂ ಹುಟ್ಟಲಿಲ್ಲ. ಬೆಲೆ ಏರಿದಾಗ ನಾವು ಸುದ್ದಿ ಕಳಿಸಿದರೆ ಮುಖಪುಟ. ಬಿದ್ದಾಗ ಕಳಿಸಿದರೆ ಒಳಪುಟದಲ್ಲಿ ಎರಡು ಕಾಲಂ, ಅದೂ ಜಾಹೀರಾತು ಬರದಿದ್ದರೆ.

ಅರಕಲಗೂಡಿನ ಕಡೆ ಹೋದಾಗಲೆಲ್ಲ ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಹೊಗೆಸೊಪ್ಪು ಬಿಟ್ಟು ಟೊಮೆಟೊಗೆ ಯಾಕೆ ಬರುವುದಿಲ್ಲ? ಹೃದಯಾಘಾತದ ವರದಿಯಲ್ಲಿ ಧೂಮಪಾನ ಎಂದಿತ್ತಲ್ಲ, ಆ ಸೊಪ್ಪು ಬೆಳೆಯುವುದು ಇಲ್ಲೇ. ಬೆಳೆಯುವವರಿಗೂ ಅದು ಬಿಡುವುದಿಲ್ಲ. ಮಳೆಯಲ್ಲಿ ನೆನೆದ ಹಸಿ ಎಲೆಯನ್ನು ಎದೆಗವುಚಿಕೊಂಡು ಮುರಿಯುವಾಗ ನಿಕೋಟಿನ್ ಚರ್ಮದೊಳಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ಸುಸ್ತು. ಎಲೆ ಮುರಿಯುವ ಹೆಂಗಸರು ಇದಕ್ಕೆ ಪಿತ್ತ ಅಂದುಕೊಂಡು ಮಜ್ಜಿಗೆ ಕುಡಿದು ಮಲಗುತ್ತಾರೆ. ಕೈಗವಸು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿಕೊಂಡರೆ, ಎಲೆ ಒಣಗಿದ ಮೇಲೆ ಮುರಿದರೆ ಬಹಳ ಮಟ್ಟಿಗೆ ತಪ್ಪುತ್ತದೆ. ಕೂಲಿ ಕೊಡುವವರು ಇಷ್ಟಾದರೂ ಮಾಡಬೇಕು. ನಿಕೋಟಿನ್ ಟೊಮೆಟೊ, ಬದನೆಯಲ್ಲೂ ಎಳ್ಳಷ್ಟು ಇದೆ, ಆದರೆ ಅದು ಲೆಕ್ಕಕ್ಕೆ ಬರುವಂಥದ್ದಲ್ಲ. ಒಂದೇ ಮನೆಯವರು, ಒಬ್ಬರ ಗುಣ ಇನ್ನೊಬ್ಬರಲ್ಲಿ ಚೂರಾದರೂ ಇದ್ದೇ ಇರುತ್ತದೆ.

ಕೊಣನೂರಿನ ಹತ್ತಿರ ಬ್ಯಾರನ್ ಮುಂದೆ ಕೂತು ಸೌದೆ ಒಟ್ಟುತ್ತಿದ್ದ ರೈತರೊಬ್ಬರು ನಮ್ಮ ಪ್ರಶ್ನೆಗೆ ತಿರುಗಿ ಪ್ರಶ್ನೆ ಹಾಕಿದರು.

'ಹೊಗೆಸೊಪ್ಪಿಗೆ ರಾಮನಾಥಪುರದಲ್ಲಿ ಹರಾಜುಕಟ್ಟೆ ಐತೆ. ಮಂಡಳಿ ಐತೆ. ರೇಟು ಬಿದ್ರೆ ಗಲಾಟೆ ಮಾಡಕ್ಕೊಂದು ಜಾಗ ಐತೆ. ಬೇಲು ಕಟ್ಟಿ ಮನೇಲಿಟ್ರೆ ಒಂದು ತಿಂಗಳು ಕಾಯ್ತದೆ. ಟಮೋಟ ಎಷ್ಟು ದಿನ ಕಾಯ್ತದೆ ಸಾ?'

ನಾವು ಮಾತಾಡಲಿಲ್ಲ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸಂಜೆ ಹೊತ್ತಿಗೆ ಬಾಕ್ಸುಗಳ ತಳದಿಂದ ಸೋರುವ ನೀರು ನೋಡಿದವರು ನಾವು. ಶೀತಲಗೃಹ, ರಸ ತೆಗೆಯುವ ಘಟಕ ಎಂದು ಚುನಾವಣೆಗೊಮ್ಮೆ ಕೇಳಿ ಬರೆದುಕೊಂಡವರೂ ನಾವೇ.

ಅವರು ಬ್ಯಾರನ್ ಬಾಗಿಲ ಉಷ್ಣಮಾಪಕ ನೋಡಿ ಬಂದು, ಮನೆ ಹಿಂದಕ್ಕೆ ಕರೆದುಕೊಂಡು ಹೋದರು. ಪಂಪ್‌ಸೆಟ್ ಪಕ್ಕ ಹತ್ತು ಗುಂಟೆಯಲ್ಲಿ ಟೊಮೆಟೊ ಇಟ್ಟಿದ್ದರು. ಅಂಚಿಗೆ ಚೆಂಡುಹೂ. ಹೋದ ವರ್ಷ ಅಲ್ಲಿ ರಾಗಿ ಇತ್ತಂತೆ. ಹೆಂಡತಿ ಪೈರಿಗೆ ದಾರ ಕಟ್ಟುತ್ತಿದ್ದರು. ಇವರು ಒಂದು ಗಿಡ ನೆಟ್ಟಗೆ ಮಾಡಲು ಬಗ್ಗಿದ್ದೇ ತಡ, ಆಕೆ ಅಲ್ಲಿಂದಲೇ ಕೂಗಿದರು: 'ಬ್ಯಾರನ್ ಕೈಯಲ್ಲಿ ಮುಟ್ಬ್ಯಾಡಿ, ತೊಳ್ಕಂಡ್ ಬನ್ನಿ.' ಅವರು ನಗುತ್ತಾ ತೊಟ್ಟಿ ಕಡೆ ಹೋದರು.